ಮೈಬಣ್ಣಕ್ಕೊಂದು ಅಳತೆಗೋಲು

ಎಣ್ಣೆಗೆಂಪು, ಗೋಧಿಬಣ್ಣ, ಕಡುಗಪ್ಪು... ಮೈಬಣ್ಣ ಹೇಳೋಕೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಆದರೆ ಅದನ್ನ ಅಂಕಿಯಲ್ಲೇ ಹೇಳಬೇಕು ಅಂತ ಹೊರಟವರ ಕಥೆ ನನಗೆ ಮೊದಲಿಂದಲೂ ಕುತೂಹಲ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಹೆಸರಾಗಿದ್ದದ್ದು ಬರ್ಲಿನ್ನಿನ ಮಾನವಶಾಸ್ತ್ರಜ್ಞ ಫೆಲಿಕ್ಸ್ ಫಾನ್ ಲುಶಾನ್ ಅವರ ಪಟ್ಟಿ. ಬಿಳಿಯಿಂದ ಕಪ್ಪಿನವರೆಗೆ 36 ಗಾಜಿನ ಬಿಲ್ಲೆಗಳು. ತೋಳಿನ ಒಳಭಾಗದಂಥ, ಬಿಸಿಲು ಬೀಳದ ಜಾಗದ ಪಕ್ಕ ಹಿಡಿದು ಹೊಂದುವ ನಂಬರ್ ಬರೆದುಕೊಳ್ಳೋದು. ಉದ್ದೇಶ, ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸೋದು. ತಮಾಷೆ ಅಂದ್ರೆ ಒಬ್ಬನೇ ಮನುಷ್ಯನಿಗೆ ಬೇರೆಬೇರೆ ಪರೀಕ್ಷಕರು ಬೇರೆಬೇರೆ ನಂಬರ್ ಕೊಡ್ತಿದ್ರು! 1950ರ ದಶಕದಲ್ಲಿ, ಚರ್ಮದ ಮೇಲೆ ಬೆಳಕು ಬಿಟ್ಟು ವಾಪಸ್ ಬಂದದ್ದೆಷ್ಟು ಅಂತ ಅಳೆಯುವ ಯಂತ್ರಗಳು ಬಂದಮೇಲೆ ಬಿಲ್ಲೆಗಳು ಮೂಲೆ ಸೇರಿದವು.

1975ರಲ್ಲಿ ಹಾರ್ವರ್ಡಿನ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಬೇರೆ ದಾರಿ ಹಿಡಿದರು. ಸೋರಿಯಾಸಿಸ್ ರೋಗಿಗಳಿಗೆ ಎಷ್ಟು ಅತಿನೇರಳೆ ಕಿರಣ ಕೊಡಬಹುದು ಅನ್ನೋದು ಅವರ ಪ್ರಶ್ನೆ. ಹಾಗಾಗಿ ಬಿಸಿಲಿಗೆ ಚರ್ಮ ಸುಡುತ್ತದೋ, ಕಂದು ತಿರುಗುತ್ತದೋ ಅಂತ ಕೇಳಿದರು. ಬಿಳಿಯರಿಗೆ ನಾಲ್ಕು ವರ್ಗ ಆಯ್ತು. ಕಂದು, ಕಪ್ಪು ಚರ್ಮದವರ 5 ಮತ್ತು 6 ಸೇರಿದ್ದು ಆಮೇಲೆ. 2015ರಲ್ಲಿ ನಮ್ಮ ಯೂನಿಕೋಡ್ ಎಮೋಜಿಗಳಿಗೆ ಐದು ಮೈಬಣ್ಣ ಬಂದದ್ದೂ ಇದೇ ಪಟ್ಟಿಯಿಂದ, 1 ಮತ್ತು 2ನ್ನು ಒಂದಾಗಿಸಿ.

ಇದೆಲ್ಲ ಬರೀ ಅಂಕಿಯಾಟ ಅಂದುಕೊಳ್ಳಬೇಡಿ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕು ಬಿಟ್ಟು ರಕ್ತದ ಆಮ್ಲಜನಕ ಅಂದಾಜು ಮಾಡುತ್ತೆ. ಚರ್ಮದ ಮೆಲನಿನ್ ಕೂಡ ಬೆಳಕು ಹೀರುತ್ತದಲ್ಲ? ಕೊರೋನಾ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ, ಮಿಶಿಗನ್ ವೈದ್ಯರ ಅಧ್ಯಯನವೊಂದು ಪ್ರಕಟವಾಯ್ತು. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ನೋಡಿದರೆ, ಆಮ್ಲಜನಕ 88ಕ್ಕಿಂತ ಕೆಳಗಿದ್ದದ್ದು ಕರಿಯರಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ಅಂದ್ರೆ ಸುಮಾರು ಮೂರು ಪಟ್ಟು ಹೆಚ್ಚು ಸಲ, ಉಸಿರಿಲ್ಲದವನಿಗೆ ಯಂತ್ರ "ಪರವಾಗಿಲ್ಲ" ಅಂದಿತ್ತು.

ಈಗ ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ಅವರ 10 ಛಾಯೆಗಳ ಪಟ್ಟಿಯನ್ನು ಗೂಗಲ್ 2022ರಲ್ಲಿ ಬಿಡುಗಡೆ ಮಾಡಿದೆ. ಕಪ್ಪು ಛಾಯೆಗಳಿಗೂ ಅದರಲ್ಲಿ ಸಾಕಷ್ಟು ಜಾಗವಿದೆ. ಸಂತೋಷವೇ. ಆದರೂ ಲುಶಾನ್ ಬಿಲ್ಲೆ ನೆನೆದಾಗ, ಪಟ್ಟಿ ಯಾರ ಕೈಲಿದೆ, ಯಾತಕ್ಕಿದೆ ಅಂತ ಕೇಳದೆ ನಂಬೋಕೆ ನನಗೆ ಮನಸ್ಸಾಗಲ್ಲ.

ಮನೆಯಲ್ಲಿ ಆಕ್ಸಿಮೀಟರ್ ಇಟ್ಟುಕೊಂಡವರಿಗೆ ಒಂದು ಮಾತು: ಅಂಕಿ ಚೆನ್ನಾಗಿದೆ ಅಂತ ಏದುಸಿರನ್ನು ಕಡೆಗಣಿಸಬೇಡಿ, ಡಾಕ್ಟರ ಹತ್ರ ಹೋಗಿ. ಏನಂತೀರಿ?