ಮಸ್ಕತ್ ಡೈರಿ – ಭಾಗ 17: ಕ್ಯಾರವಾನ್ ಹೊರಡೋ ಮುಂಚೆ ಹೋಗುವವರು

ಇಲ್ಲಿ ಅಲ್ ಮವಾಲೇಹ್‌ನಲ್ಲಿ ಈ ಚಳಿಗಾಲ ನಮ್ಮ ಕ್ಯಾರವಾನ್ ಗುಂಪಿನ ವೀಕೆಂಡ್ ಕೂಟಗಳಿಗೆ ಹೋಸ್ಟ್ ಆಗೋದಕ್ಕೆ ನಾನು ಒಪ್ಪಿಕೊಂಡಿದ್ದೇನೆ. ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ವಾರವೆಲ್ಲ ಡ್ಯೂಟಿ ಮಾಡಿ, ರಜಾ ದಿನ ಮತ್ತೆ ಮಂದಿ ಸೇವೆ ಯಾಕೆ? ರೊಕ್ಕ ಕೊಡ್ತಾರೇನು?" ಅಂದಳು. ಕೊಡೋದಿಲ್ಲ ಅವ್ವಾ. ಯಾಕೆ ಒಪ್ಪಿದೆ ಅನ್ನೋದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಈ ಭಾಗ.

ನಮ್ಮದು ದೊಡ್ಡ ಕ್ಲಬ್ ಏನಲ್ಲ. ಮೂರು ಕ್ಯಾರವಾನ್ ಇವೆ, ಉಳಿದವರದು ಟೆಂಟ್. ಹೋಸ್ಟ್ ಆದವರು ಮೊದಲೇ ಹೋಗಿ ಜಾಗ ನೋಡಬೇಕು, ಪರವಾನಗಿ ವಿಚಾರಿಸಬೇಕು, ನೀರಿನ ಲೆಕ್ಕ ಹಾಕಬೇಕು. ರಾತ್ರಿ ಮಕ್ಕಳ ತಲೆ ಎಣಿಸಬೇಕು, ಬೆಳಿಗ್ಗೆ ಕಸ ಕಟ್ಟಿಸಿ ಎಲ್ಲರಿಗಿಂತ ಕೊನೆಗೆ ಹೊರಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರೂ ವಾದಿಯೊಳಗೆ ಟೆಂಟ್ ಹಾಕದಂತೆ ನೋಡಬೇಕು. ವಾದಿ ಅಂದರೆ ಒಣ ಹಳ್ಳ. ನಮ್ಮ ತಲೆ ಮೇಲೆ ನಕ್ಷತ್ರ ಹೊಳೀತಾ ಇದ್ದರೂ ದೂರದ ಬೆಟ್ಟದಲ್ಲಿ ಮಳೆಯಾದರೆ ಅದು ದಿಢೀರ್ ಅಂತ ತುಂಬಿ ಬರುತ್ತದೆ.

ಈ ಕೆಲಸಕ್ಕೆ ಬಹಳ ಹಳೆಯ ಇತಿಹಾಸ ಇದೆ. ಕ್ಯಾರವಾನ್ ಅನ್ನೋದು ಪಾರ್ಸಿಯ 'ಕಾರವಾನ್'. ಕೂಡಿಕೊಂಡು ಪಯಣ ಮಾಡೋ ವ್ಯಾಪಾರಿಗಳ, ಯಾತ್ರಿಕರ ಗುಂಪಿಗೆ ಆ ಹೆಸರು. ಇಂಗ್ಲಿಷಿನವರು ಅದನ್ನು ಬಂಡಿಗೆ ಇಟ್ಟರು, ಆಮೇಲೆ ಬಾಲ ಮಾತ್ರ ಉಳಿಸಿ 'ವ್ಯಾನ್' ಮಾಡಿದರು. ನಮ್ಮೂರಿನ ಸ್ಕೂಲ್ ವ್ಯಾನ್ ಕೂಡ ಅದೇ ವಂಶದ್ದು! ಅಂದರೆ ಮೊದಲು ಆ ಪದಕ್ಕೆ ಗಾಡಿ ಅನ್ನೋ ಅರ್ಥವೇ ಇರಲಿಲ್ಲ, ಜನರ ಗುಂಪು ಅಂತಲೇ ಇತ್ತು.

ಒಮಾನಿನ ದಕ್ಷಿಣಕ್ಕೆ ಧೋಫಾರ್ ಇದೆ, ಲೋಬಾನ ಬೆಳೆಯೋ ನಾಡು. ಲೋಬಾನ ಹೊತ್ತ ಒಂಟೆಗಳ ಸಾಲು ಶಿಸ್ರ್‌ನಂಥ ನೀರಿನ ತಾಣಗಳನ್ನು ಹಿಡಿದು ಸಾಗುತ್ತಿತ್ತು. ಆ ತಾಣ, ಖೋರ್ ರೋರಿ, ಅಲ್ ಬಲೀದ್ ಎಲ್ಲ 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಮರುಭೂಮಿಯಲ್ಲಿ ಒಂದು ಕಟ್ಟುಪಾಡು ಇತ್ತು. ಬೇರೆ ಬುಡಕಟ್ಟಿನ ಸೀಮೆ ದಾಟುವಾಗ ಆ ಬುಡಕಟ್ಟಿನವನೊಬ್ಬ ಜೊತೆಗೆ ನಡೆಯಬೇಕು. ಅವನಿಗೆ ರಬಿಯಾ ಅನ್ನುತ್ತಾರೆ. 'ಇವರು ನನ್ನವರು' ಅಂತ ಅವನು ಹೇಳಿದರೆ ಅದೇ ರಕ್ಷಣೆ. ಬರ್ಟ್ರಮ್ ಥಾಮಸ್ ಅನ್ನೋ ಇಂಗ್ಲಿಷಿನವರು 1930ರ ಡಿಸೆಂಬರಿನಲ್ಲಿ ಸಲಾಲಾದಿಂದ ಹೊರಟು, ಖಾಲಿ ಮರಳುಗಾಡು ದಾಟಿ, 1931ರ ಫೆಬ್ರವರಿಯಲ್ಲಿ ದೋಹಾ ಮುಟ್ಟಿದರು. ಕೀರ್ತಿ ಅವರಿಗೆ ಬಂತು. ಆದರೆ ದಾರಿ, ಬಾವಿ, ಒಂಟೆ, ಮಾತುಕತೆ ಎಲ್ಲ ಸಾಧ್ಯವಾದದ್ದು ರಶೀದ್ ಬುಡಕಟ್ಟಿನ ಶೇಖ್ ಸಾಲಿಹ್ ಬಿನ್ ಕಲೂತ್ ಮತ್ತು ಅವರ ಸಂಗಡಿಗರಿಂದ.

ಹಳ್ಳಿಗಳಲ್ಲಿ ಫಲಜ್ ಕಾಲುವೆಗಳಿವೆ. ಹೊಲ-ತೋಟಕ್ಕೆ ನೀರು ಪಾಲಿನ ಲೆಕ್ಕದಲ್ಲಿ ಹೋಗುತ್ತದೆ. ಆದರೆ ಕಾಲುವೆ ಊರು ಸೇರೋ ಕಡೆ, ಮೊದಲ ನೀರು ಕುಡಿಯೋದಕ್ಕೆ. ಅದು ದಾರಿಹೋಕರಿಗೂ ಮುಕ್ತ. ಓದಿದಾಗ ನನಗೆ ನಮ್ಮ ಕಡೆಯ ಅರವಟ್ಟಿಗೆ ನೆನಪಾಯ್ತು.

ನಾವು ಗುಳೇದಗುಡ್ಡದವರು ಇದಕ್ಕೆ ಹೊಸಬರೇನಲ್ಲ. ಪಕ್ಕದ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವ್ಯಾಪಾರಿ ಸಂಘ ಎಲ್ಲೆಲ್ಲಿ ಹೋಗಿತ್ತು ಗೊತ್ತಾ? ಸುಮಾತ್ರಾದ ಬಾರೂಸ್‌ನಲ್ಲಿ ಅವರ 1088ರ ತಮಿಳು ಶಾಸನ ಸಿಕ್ಕಿದೆ. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡು ಸುತ್ತುತ್ತಿದ್ದ ಲಂಬಾಣಿಗರ ತಾಂಡಾಕ್ಕೆ ಒಬ್ಬ ನಾಯಕ ಇರುತ್ತಿದ್ದ, ಕೈಕೆಳಗೆ ಕಾರಭಾರಿ. ರೈಲು ಬಂದ ಮೇಲೆ ಆ ವ್ಯಾಪಾರ ಬಿತ್ತು, ತಾಂಡಾಗಳು ನೆಲೆ ನಿಂತವು, ಆದರೆ ನಾಯಕ-ಕಾರಭಾರಿ ಪದಗಳು ಉಳಿದವು. ಬನಶಂಕರಿ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಿ, ಬಂಡಿ ಕೆಳಗೇ ಮಲಗಿ, ಬುತ್ತಿ ಬಿಚ್ಚಿ ಉಂಡವರು ನಮ್ಮ ಹಿರಿಯರು. ಅಲ್ಲೂ ಮೊದಲೇ ಹೋಗಿ ಜಾಗ ಹಿಡಿಯೋರು ಒಬ್ಬರು ಇರಲೇಬೇಕಿತ್ತು.

ಈಗ ಮೋಜಿನ ಕ್ಯಾರವಾನಿಗೆ ಬರೋಣ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರು (ನಮ್ಮ ಫೀಲ್ಡಿನವರೇ, ನೌಕಾಪಡೆಯಲ್ಲಿ ಸರ್ಜನ್ ಆಗಿದ್ದವರು) 'ವಾಂಡರರ್' ಅನ್ನೋ ಕುದುರೆ ಗಾಡಿ-ಮನೆ ಮಾಡಿಸಿ, ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಎರಡು ಟನ್ ತೂಕದ ಆ ಗಾಡಿಯ ಮುಂದೆ ಅವರ ಸೇವಕ ಮೂರು ಗಾಲಿ ಸೈಕಲ್ ಮೇಲೆ ಹೋಗಿ ದಾರಿ ನೋಡುತ್ತಿದ್ದ. ನನ್ನ ಲೆಕ್ಕದಲ್ಲಿ ಅವನೇ ಆ ಪಯಣದ ಹೋಸ್ಟ್! 1901ರಲ್ಲಿ ಥಾಮಸ್ ಹೈರಮ್ ಹೋಲ್ಡಿಂಗ್ ಅನ್ನೋ ದರ್ಜಿ ಸೈಕಲ್ ಕ್ಯಾಂಪಿಂಗ್ ಸಂಘ ಶುರು ಮಾಡಿದರು. ಚಿಕ್ಕವರಿದ್ದಾಗ ಅಮೆರಿಕದಲ್ಲಿ ಬಂಡಿಗಳ ಸಾಲಿನೊಂದಿಗೆ ಬಯಲಲ್ಲಿ ಮಲಗಿದ್ದವರು ಅವರು. ಅವರ ಮೊದಲ ಕ್ಯಾಂಪಿಗೆ ಬಂದದ್ದು ಆರೇ ಮಂದಿ. 1907ರಲ್ಲಿ ಹ್ಯಾರಿಸ್ ಸ್ಟೋನ್ ಕ್ಯಾರವಾನ್ ಕ್ಲಬ್ ಕಟ್ಟಿದರು, ಸ್ಟೇಬಲ್ಸ್ ಉಪಾಧ್ಯಕ್ಷರಾದರು. ಎರಡೂ ಸಂಘ ಇವತ್ತಿಗೂ ನಡೆಯುತ್ತಿವೆ, ವೀಕೆಂಡ್ ಕೂಟ ನಡೆಸೋರು ಇವತ್ತಿಗೂ ಸ್ವಯಂಸೇವಕರೇ.

ಒಮಾನಿನಲ್ಲಿ 1970ರ ತನಕ ಡಾಂಬರು ರಸ್ತೆ ಇದ್ದದ್ದು ಸುಮಾರು 10 ಕಿಲೋಮೀಟರ್. ರಾತ್ರಿಯಾದರೆ ಮಸ್ಕತ್ ಕೋಟೆ ಬಾಗಿಲು ಹಾಕುತ್ತಿದ್ದರು. ಆ ವರ್ಷ ಸುಲ್ತಾನ್ ಖಾಬೂಸ್ ಬಂದ ಮೇಲೆ ರಸ್ತೆ ಬೆಳೆದವು, ಒಂಟೆ ದಾರಿಗಳಲ್ಲಿ ಜೀಪು ಓಡಿತು. 2013ರ ಮೇ ತಿಂಗಳಿಂದ ವಾರದ ರಜೆ ಗುರುವಾರ-ಶುಕ್ರವಾರದ ಬದಲು ಶುಕ್ರವಾರ-ಶನಿವಾರ ಆಯ್ತು. ನಮ್ಮ ಮವಾಲೇಹ್‌ನ ದೊಡ್ಡ ತರಕಾರಿ ಮಾರ್ಕೆಟ್ ಕೂಡ 2024ರಲ್ಲಿ ಬರ್ಕಾದ ಖಜಾಯಿನ್‌ಗೆ ಹೋಯ್ತು, ಹಾಗಾಗಿ ಕ್ಯಾಂಪಿನ ಈರುಳ್ಳಿಗೆ ಈಗ ಬೇರೆ ದಾರಿ!

ಅವ್ವಾ, ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಗಲ್ಫಿನಲ್ಲಿ ಯಾರೂ ಕಾಯಂ ಅಲ್ಲ. ನಾಲ್ಕು ವರ್ಷ ನಮ್ಮ ಗುಂಪು ನಡೆಸಿದ ಅಣ್ಣ ಆಗಸ್ಟ್‌ನಲ್ಲಿ ಕೆಲಸ ಮುಗಿಸಿ ಊರಿಗೆ ಹೋದರು. ಕ್ಯಾರವಾನ್ ಮಾರಿದರು, ಒಂದೇ ವಾರದಲ್ಲಿ ಕೊಳ್ಳೋರು ಸಿಕ್ಕರು. ಅವರ ಕೆಲಸ ತಗೊಳ್ಳೋರು ಎರಡು ತಿಂಗಳಾದರೂ ಸಿಗಲಿಲ್ಲ. ಈ ಸಲ ಬಿಟ್ಟುಬಿಡೋಣ ಅಂತ ಕೆಲವರು ಹೇಳತೊಡಗಿದರು. ಒಂದು ಚಳಿಗಾಲ ಬಿಟ್ಟರೆ ಅರ್ಧ ಮಂದಿ ದೇಶವನ್ನೇ ಬಿಟ್ಟಿರುತ್ತಾರೆ, ಆಮೇಲೆ ಮತ್ತೆ ಕೂಡಿಸೋದು ಆಗೋದಿಲ್ಲ. ಶೇರಿಂಗ್ ರೂಮಿನಲ್ಲಿರೋ ನಮ್ಮಂಥ ನರ್ಸ್‌ಗಳಿಗೆ ತಿಂಗಳಿಗೊಮ್ಮೆ ಬೆಂಕಿ ಸುತ್ತ ಕೂತು ಕನ್ನಡ, ಮಲಯಾಳ, ಅರಬ್ಬಿ ಎಲ್ಲ ಬೆರೆಸಿ ನಗೋ ಜಾಗ ಅದೊಂದೇ.

ಅದಕ್ಕೇ ಒಪ್ಪಿಕೊಂಡೆ. ಡ್ಯೂಟಿ ಇರೋ ವಾರ ನನ್ನ ಬದಲಿಗೆ ಇನ್ನೊಬ್ಬರು ನಿಲ್ಲಬೇಕು ಅಂತ ಷರತ್ತು ಹಾಕಿದ್ದೇನೆ, ಹಾಗಾದರೂ ಇನ್ನಿಬ್ಬರು ಕೆಲಸ ಕಲೀತಾರೆ. ನಾನು ಊರಿಗೆ ಬರೋ ದಿನ ಬಂದಾಗ ಇದು ನಿಲ್ಲಬಾರದು.

ಮುಂದಿನ ಭಾಗದಲ್ಲಿ ಮೊದಲ ಕ್ಯಾಂಪಿನ ಸುದ್ದಿ. ಅಕ್ಕಾ, ಬರೋರ ಕೈಲಿ ಶೇಂಗಾ ಚಟ್ನಿಪುಡಿ ಎರಡು ಕೆಜಿ ಕಳಿಸು, ಇಲ್ಲಿ ಈಗ ಉಣ್ಣೋರು ಜಾಸ್ತಿ.