ಭೀಮೆಯ ದಂಡೆಯ ಅರಮನೆ, ಕ್ಯೋಟೊದ ಕನ್ನಡಿ ಕೊಳ

ಕ್ರಿ.ಶ. 1397ರಲ್ಲಿ ಫಿರೋಜ್ ಶಹಾ ಬಹಮನಿ ಕಲಬುರಗಿಯಲ್ಲಿ ಪಟ್ಟಕ್ಕೆ ಬಂದ. ಅದೇ ವರ್ಷ ಜಪಾನಿನ ಕ್ಯೋಟೊದಲ್ಲಿ, ಷೋಗನ್ ಪದವಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದ ಆಶಿಕಾಗ ಯೋಶಿಮಿತ್ಸು ಹಳೆಯ ತೋಟವೊಂದನ್ನು ಪಡೆದು, ಅಲ್ಲಿಯ ಕೊಳದ ದಂಡೆಗೆ ಬಂಗಾರದ ರೇಕು ಹೊದಿಸಿದ ಮಂಟಪ ಕಟ್ಟಿಸಲು ತೊಡಗಿದ. ಅದೇ ಇಂದಿನ ಕಿಂಕಾಕುಜಿ. ಸಾವಿರಾರು ಮೈಲಿ ದೂರದ ಇಬ್ಬರು ಅರಸರ ಮನಸ್ಸು ಒಂದೇ ಕಡೆ ಹರಿದಿತ್ತು: ನೀರಿನ ಬದಿಗೊಂದು ಅರಮನೆ.

ಫಿರೋಜ್ ಶಹಾ 1400ರ ಸುಮಾರಿಗೆ ಭೀಮಾ ತೀರದಲ್ಲಿ ಫಿರೋಜಾಬಾದ್ ನಗರವನ್ನು ಕಟ್ಟಿಸಿದ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿ ಅದರ ಅವಶೇಷಗಳಿವೆ. ಆಳಂದ ಸೀಮೆಯ ಅಮರಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಆ ನೀರೇ ಮುಂದೆ ಹರಿದು ಈ ನಗರದ ಪಶ್ಚಿಮ ಮಗ್ಗುಲನ್ನು ಮುಟ್ಟುತ್ತದೆ. ಉಳಿದ ಮೂರು ದಿಕ್ಕಿಗೆ ಕಲ್ಲಿನ ಕೋಟೆಗೋಡೆ. ನದಿಯಿಂದ ತೆಗೆದ ಅಗಲವಾದ ಕಾಲುವೆಯು ಅರಮನೆಯ ಬೇರೆ ಬೇರೆ ಅಂಗಳಗಳಿಗೆಲ್ಲ ನೀರು ಒದಗಿಸುತ್ತಿತ್ತೆಂದು ಎರಡು ಶತಮಾನಗಳ ಬಳಿಕ ಬರೆದ ಇತಿಹಾಸಕಾರ ಫರಿಷ್ತಾ ಹೇಳುತ್ತಾನೆ.

ಇಲ್ಲಿಯೇ ಎರಡು ಪರಂಪರೆಗಳ ಭೇದ ಕಾಣುತ್ತದೆ. ದಖ್ಖನಿನ ಸುಲ್ತಾನರಿಗೆ ಮಾದರಿಯಾದ ಪಾರಸಿ ಉದ್ಯಾನ ಮರುಭೂಮಿಯ ಕೂಸು. ಅಲ್ಲಿ ನೀರು ಅಪರೂಪದ ವಸ್ತು. ಆದ್ದರಿಂದ ಅದನ್ನು ನೇರ ಕಾಲುವೆಯಲ್ಲಿ ಅಳೆದು ಹರಿಸುತ್ತಾರೆ, ಸುತ್ತ ಗೋಡೆ ಎಬ್ಬಿಸುತ್ತಾರೆ. ಜಪಾನಿನಲ್ಲಿ ಮಳೆಗೆ ಕೊರತೆಯಿಲ್ಲ. ಅಲ್ಲಿಯ ತೋಟಗಾರನಿಗೆ ನೇರ ಗೆರೆ ಬೇಡ. ಕೊಳದ ಅಂಚು ಅಂಕುಡೊಂಕು, ನಡುವಿನ ಬಂಡೆಯೇ ದ್ವೀಪ, ದೂರದ ಬೆಟ್ಟವೂ ತೋಟದ ಭಾಗ. ಕಲ್ಲು ಹೇಗೆ ನಿಲ್ಲಬಯಸುತ್ತದೋ ಹಾಗೆ ನಿಲ್ಲಿಸಬೇಕೆಂದು 11ನೇ ಶತಮಾನದ 'ಸಕುತೇಯಿಕಿ' ಎಂಬ ಗ್ರಂಥ ವಿಧಿಸುತ್ತದೆ.

ಮುಂದೆ ಝೆನ್ ಗುರುಗಳ ಪ್ರಭಾವದಿಂದ ನೀರೇ ಇಲ್ಲದ ತೋಟ ಬೆಳೆಯಿತು. ರ‍್ಯೋಆಂಜಿ ಮಂದಿರದ ಅಂಗಳದಲ್ಲಿರುವುದು ಬಿಳಿ ಗರಸು ಮತ್ತು 15 ಕಲ್ಲುಗಳು ಮಾತ್ರ. ಗರಸಿನ ಮೇಲೆ ಹಲುಬೆಯಿಂದ ಎಳೆದ ಗೆರೆಗಳೇ ಅಲೆಗಳು. 1939ರಲ್ಲಿ ಶಿಗೆಮೊರಿ ಮಿರೇಯಿ ತೋಫುಕುಜಿ ಮಂದಿರದಲ್ಲಿ ಹಾವಸೆಯನ್ನೂ ಚೌಕ ಕಲ್ಲುಗಳನ್ನೂ ಚದುರಂಗದ ಮಣೆಯಂತೆ ಜೋಡಿಸಿ ಹಳೆಯ ಕಲೆಗೆ ಹೊಸ ರೂಪ ಕೊಟ್ಟ.

ಎರಡು ಅರಮನೆಗಳ ಗತಿ ಮಾತ್ರ ಬೇರೆಯಾಯಿತು. 1408ರಲ್ಲಿ ಯೋಶಿಮಿತ್ಸು ತೀರಿಕೊಂಡ ಮೇಲೆ ಅವನ ಅರಮನೆ ಝೆನ್ ಮಂದಿರವಾಯಿತು; ತೋಟವನ್ನು ಗುಡಿಸಿ ಒಪ್ಪವಿಡುವ ಕೈಗಳು ದೊರೆತವು. 1950ರಲ್ಲಿ ಮಂಟಪ ಬೆಂಕಿಗೆ ಆಹುತಿಯಾದರೂ 1955ರಲ್ಲಿ ಮತ್ತೆ ಎದ್ದು ನಿಂತಿತು. ಇತ್ತ 1422ರಲ್ಲಿ ಫಿರೋಜ್ ಶಹಾನ ಕಾಲ ಮುಗಿಯಿತು. ಪಟ್ಟವೇರಿದ ತಮ್ಮ ಅಹಮದ್ ಶಹಾ ರಾಜಧಾನಿಯನ್ನು ಬೀದರಿಗೆ ಒಯ್ದ. ಫಿರೋಜಾಬಾದಿಗೆ ದಿಕ್ಕಿಲ್ಲದಂತಾಯಿತು. ದೊಡ್ಡ ಮಸೀದಿ, ಬಾಗಿಲುಗಳು, ಹಮಾಮುಗಳ ಗುಮ್ಮಟಗಳು ಉಳಿದಿವೆ. ಕೋಟೆಯೊಳಗೆ ಈಗ ಹೊಲಗಳು. ರಿಚರ್ಡ್ ಈಟನ್ ಮತ್ತು ಜಾರ್ಜ್ ಮಿಶೆಲ್ 1992ರಲ್ಲಿ ಈ ನಗರದ ಮೇಲೆ ಗ್ರಂಥವನ್ನೇ ಹೊರತಂದರು.

ಕೋಟೆಯನ್ನು ಕಲ್ಲು ಕಾಯುತ್ತದೆ, ತೋಟವನ್ನು ದಿನದಿನದ ಆರೈಕೆ ಮಾತ್ರ ಕಾಯುತ್ತದೆ. ಗಾಣಗಾಪುರದ ಸಂಗಮದಲ್ಲಿ ಭಕ್ತರು ಇಂದಿಗೂ ಔದುಂಬರ ವೃಕ್ಷಕ್ಕೆ ಪ್ರದಕ್ಷಿಣೆ ಹಾಕುತ್ತಾರೆ. ಅದೇ ಭೀಮೆಯ ಕೆಳದಂಡೆಯಲ್ಲಿ ಸುಲ್ತಾನನ ಅಂಗಳಗಳು ಒಣಗಿ ನಿಂತಿವೆ. ನೀರು ಇದ್ದಲ್ಲೇ ಇದೆ. ಇಲ್ಲದಿರುವುದು ಗುಡಿಸುವ ಕೈ.