ಸ್ಟ್ರೆಚ್ ನಿಯಮ
ಸ್ಟ್ರೆಚ್ ನಿಯಮವು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ, ಅವಧಿಗೆ ಮುನ್ನ ಕೈಬಿಟ್ಟ ಆಟಗಾರನ ಖಾತರಿ ವೇತನದ ಬಾಕಿಯನ್ನು ಹೆಚ್ಚು ವರ್ಷಗಳಿಗೆ ಹಂಚುವ ವ್ಯವಸ್ಥೆ. ಇದರ ಈಗಿನ ರೂಪ ಆಟಗಾರರ ಸಂಘದೊಂದಿಗಿನ 2011ರ ಸಾಮೂಹಿಕ ಒಪ್ಪಂದದಿಂದ ಬಂದುದು. ಕೈಬಿಟ್ಟ ಆಟಗಾರನನ್ನು 48 ಗಂಟೆಗಳೊಳಗೆ ಬೇರೆ ತಂಡ ಪಡೆದರೆ ಒಪ್ಪಂದದ ಹೊಣೆ ಅದಕ್ಕೆ ವರ್ಗವಾಗುತ್ತದೆ, ಹಾಗಾಗುವುದು ಅಪರೂಪ. ಇಲ್ಲದಿದ್ದರೆ ಬಾಕಿಯನ್ನು ಹಳೆಯ ತಂಡವೇ ತೆರಬೇಕು. ಜುಲೈ 1ರಿಂದ ಆಗಸ್ಟ್ 31ರೊಳಗೆ ಕೈಬಿಟ್ಟರೆ, ಉಳಿದ ವರ್ಷಗಳ ಇಮ್ಮಡಿಗೆ ಒಂದು ವರ್ಷ ಸೇರಿಸಿದ ಅವಧಿಗೆ ಮೊತ್ತವನ್ನು ಸಮನಾಗಿ ಹಂಚಬಹುದು. ಇದರಿಂದ ವಾರ್ಷಿಕ ಹೊರೆ ತಗ್ಗುತ್ತದೆ. ಆದರೆ ಆಡದವನ ವೇತನ ತಂಡದ ವೇತನಮಿತಿಯ ಲೆಕ್ಕದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. 2025ರಲ್ಲಿ ಮಿಲ್ವಾಕಿ ಬಕ್ಸ್ ತಂಡವು ತಾನು ಕೈಬಿಟ್ಟ ಆಟಗಾರ ಡೇಮಿಯನ್ ಲಿಲ್ಲಾರ್ಡ್‌ನ ಎರಡು ವರ್ಷಗಳ ಸುಮಾರು 11.3 ಕೋಟಿ ಡಾಲರ್ ಬಾಕಿಯನ್ನು ಐದು ವರ್ಷಗಳಿಗೆ ಹಂಚಿತು. ಆತ ಪೋರ್ಟ್‌ಲೆಂಡ್ ತಂಡಕ್ಕೆ ಮರಳಿದನು.